ಪುರುಸೊತ್ತಿಲ್ಲದವಳ ಜಪ

ದೇವರಿಗಾಗಿ ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರ ಮುಖವನ್ನೊಮ್ಮೆ ನೋಡಿ. ಯಾರೋ ಇಸ್ತ್ರಿ ಮಾಡಿಕೊಟ್ಟ ಬಟ್ಟೆ, ಯಾರೋ ಕಾಸಿಕೊಟ್ಟ ಕಾಫಿ, ಯಾರೋ ಒರೆಸಿಟ್ಟ ಕುರ್ಚಿ. ಪುರುಸೊತ್ತು ಅನ್ನುವುದು ಹಿತ್ತಲಲ್ಲಿ ತಾನಾಗಿ ಹುಟ್ಟುವ ಸೊಪ್ಪು, ಬಗ್ಗಿ ಕಿತ್ತುಕೊಂಡರೆ ಸಾಕು ಅಂತ ಅವರ ತಿಳಿವಳಿಕೆ. ನನಗೆ ತಿಳಿದ ಮಟ್ಟಿಗೆ, ಒಬ್ಬರಿಗೆ ಪುರುಸೊತ್ತಿದೆ ಅಂದರೆ ಅವರ ಕೆಲಸವನ್ನು ಇನ್ನೊಬ್ಬರು ಮಾಡುತ್ತಿದ್ದಾರೆ ಎಂದೇ ಅರ್ಥ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಕೊಳ್ಳೇಗಾಲದಿಂದ ಹನೂರು, ಹನೂರಿನಿಂದ ಕೊಳ್ಳೇಗಾಲ, ನಡುವೆ ಒಂದು ಸಲ ಯಳಂದೂರು ಮುಟ್ಟಿ ಬಂದು ಮತ್ತೆ ಹನೂರು. ಹೆಂಗಸರಿಗೆ ಓಡಾಟ ಫ್ರೀ ಆದ ಮೇಲೆ ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ. ಫ್ರೀ ಅಂದಮಾತ್ರಕ್ಕೆ ಟಿಕೆಟ್ ಕೊಡದೆ ಬಿಡುವ ಹಾಗೂ ಇಲ್ಲ. ಒಬ್ಬೊಬ್ಬರ ಆಧಾರ್ ಕಾರ್ಡೂ ನೋಡಬೇಕು, ಒಬ್ಬೊಬ್ಬರಿಗೂ ಮೆಷಿನ್ನಿನಿಂದ ಹರಿದು ಕೊಡಬೇಕು. ಕಾರ್ಡು ಮನೆಯಲ್ಲಿ ಮರೆತು ಬಂದವಳು ಅದನ್ನು ನಾನೇ ಬಚ್ಚಿಟ್ಟೆ ಅನ್ನುವ ಹಾಗೆ ನನ್ನ ಮೇಲೆ ಹರಿಹಾಯುತ್ತಾಳೆ. ಸೀಟು ಸಿಗದ ಗಂಡಸರು ಸರ್ಕಾರವೇ ನನ್ನ ತವರುಮನೆ ಅನ್ನುವ ಹಾಗೆ ನನ್ನನ್ನು ದುರುಗುಟ್ಟಿ ನೋಡುತ್ತಾರೆ. ಬೆಳಿಗ್ಗೆ ಹತ್ತಿ ನಿಂತವಳು ಸಂಜೆ ಇಳಿಯುವವರೆಗೂ ನಿಂತೇ ಇರುತ್ತೇನೆ. ಕಂಡಕ್ಟರಿಗೆ ಅಂತ ಬರೆದಿರುವ ಸೀಟಿನಲ್ಲಿ ಯಾವಾಗಲೂ ಒಬ್ಬ ಬಸುರಿಯೋ ಬಾಣಂತಿಯೋ ಕೂತಿರುತ್ತಾಳೆ, ಎಬ್ಬಿಸಲು ಬಾಯಿ ಬರುವುದಿಲ್ಲ.

ಮನೆ ಸೇರಿದರೆ ಅಲ್ಲಿ ಇನ್ನೊಂದು ಟ್ರಿಪ್ಪು. ಗಂಡ ರೇಷ್ಮೆ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ದಿನವೆಲ್ಲ ಸೀರೆ ಬಿಚ್ಚಿ ತೋರಿಸಿ ಮಡಿಸುವ ಕೈಗೆ ಮನೆಯಲ್ಲಿ ತಾನು ಬಿಚ್ಚಿದ ಅಂಗಿ ಮಡಿಸಲು ಬರುವುದಿಲ್ಲ. ಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಜೊತೆಗೆ ಅತ್ತೆ.

ಅತ್ತೆಯ ಊರು ಹನೂರಿನಿಂದಲೂ ಆಚೆ, ಗಡಿಯ ಹತ್ತಿರ. ಅಲ್ಲಿಯ ನಮ್ಮ ಕ್ರೈಸ್ತ ಜನ ಮನೆಯಲ್ಲಿ ತಮಿಳು, ಸಂತೆಯಲ್ಲಿ ಕನ್ನಡ ಆಡುತ್ತಾರೆ. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದು ಕೂದಲು ಹಣ್ಣಾದರೂ ಅವರ ಕನ್ನಡದೊಳಗೆ ತಮಿಳು ಆಗಾಗ ಇಣುಕುತ್ತದೆ. ನನ್ನ ಮೇಲೆ ಪ್ರೀತಿ ಬಂದಾಗ 'ಕಣ್ಣು' ಅನ್ನುತ್ತಾರೆ, ಬೇರೆಯವರ ಹತ್ತಿರ ನನ್ನನ್ನು 'ಪೊಣ್ಣು', ಅಂದರೆ ಹುಡುಗಿ, ಅನ್ನುತ್ತಾರೆ. ಮಾತೆ ಮರಿಯಮ್ಮನನ್ನು ನಾವು ಮಾತೆ ಅಂದರೆ ಅವರು ಅವರೂರಿನ ಹಾಗೆ 'ಮಾದಾ' ಅನ್ನುತ್ತಾರೆ. ಎರಡೂ ಮಂಡಿ ಹೋಗಿವೆ. ಚರ್ಚಿನ ಮೆಟ್ಟಿಲು ಅವರ ಪಾಲಿಗೆ ಬೆಟ್ಟ. ಹಾಗಾಗಿ ವರ್ಷವೆಲ್ಲ ಅವರು ಕಾಯುವುದು ಒಂದೇ ಸಂಜೆಗೆ, ಅಕ್ಟೋಬರಿನಲ್ಲಿ ಮಾದಾ ತಾನೇ ಮನೆಗೆ ಬರುವ ಸಂಜೆಗೆ.

ಅಕ್ಟೋಬರ್ ನಮಗೆ ಜಪಸರದ, ಮಣಿ ಎಣಿಸುತ್ತಾ ಮಾತೆಯನ್ನು ಪ್ರಾರ್ಥಿಸುವ ತಿಂಗಳು. ಚರ್ಚಿನಿಂದ ಮಾತೆಯ ಒಂದು ಸಣ್ಣ ಸ್ವರೂಪ ಮರದ ಗೂಡಿನಲ್ಲಿ ಕೂತು ಮನೆಮನೆಗೆ ಹೊರಡುತ್ತದೆ. ಒಂದು ಸಂಜೆ ಒಂದು ಮನೆ. ಇವತ್ತು ಇಟ್ಟುಕೊಂಡ ಮನೆಗೆ ನಾಳೆಯ ಸರದಿಯವರೇ ಹೋಗಿ ಕರೆತರಬೇಕು, ಅದು ರೂಢಿ. ಅಕ್ಕಪಕ್ಕದವರು ಸೇರುತ್ತಾರೆ, ಮನೆಯ ಹೆಂಗಸು ಮುಂದೆ ನಿಂತು ಜಪಸರ ನಡೆಸುತ್ತಾಳೆ, ಕೊನೆಗೆ ಕಡಲೆಕಾಳಿನ ಉಸಲಿ, ಟೀ. ಆ ಸಂಜೆಗಾಗಿ ಅತ್ತೆ ತಮ್ಮ ಬಿಳಿ ಸೀರೆಯನ್ನು ಸೆಪ್ಟೆಂಬರಿನಲ್ಲೇ ಒಗೆಸಿ ಇಟ್ಟುಕೊಳ್ಳುತ್ತಾರೆ.

ಈ ಏರ್ಪಾಡೆಲ್ಲ ನಮ್ಮ ಪ್ರಾರ್ಥನಾ ಕೂಟದ ಮುಖ್ಯಸ್ಥೆಯ ಕೈಯಲ್ಲಿದೆ. ರಿಟೈರ್ ಆದ ಮೇಡಮ್ಮು, ಎಲ್ಲರೂ ಟೀಚರಮ್ಮ ಅನ್ನುತ್ತೇವೆ. ಸುಳ್ಳು ಹೇಳಬಾರದು, ಒಳ್ಳೆಯವರೇ. ಯಾರಾದರೂ ಆಸ್ಪತ್ರೆ ಸೇರಿದರೆ ಗಂಜಿ ತೆಗೆದುಕೊಂಡು ಮೊದಲು ಹೋಗುವವರು ಅವರೇ. ಆದರೆ ಕ್ಲಾಸಿನ ಬೆತ್ತ ಕೈಯಿಂದ ಇಳಿದರೂ ನಾಲಿಗೆಯಿಂದ ಇಳಿದಿಲ್ಲ. ದೇವರ ಹತ್ತಿರ ಮೆಲ್ಲಗೆ ಮಾತಾಡಬೇಕು, ಮನಸ್ಸು ಕೆರೆಯ ನೀರಿನ ಹಾಗೆ ನಿಂತಿರಬೇಕು, ಅದಕ್ಕೆ ಬೆಳಗಿನ ಜಾವ ಒಂದು ಗಂಟೆ ದೇವರಿಗೇ ಎತ್ತಿಡಬೇಕು ಎಂದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಧ್ಯಾನಕೂಟದಲ್ಲಿ ನಮಗೆಲ್ಲ ಹೇಳಿಕೊಟ್ಟರು.

ನಾನೇನು ಅಸಡ್ಡೆ ಮಾಡಿದವಳಲ್ಲ. ಎತ್ತಿಟ್ಟೆ. ಮೊದಲ ಬಸ್ಸಿಗೆ ಡ್ಯೂಟಿ ಇರುವವಳು ಅದಕ್ಕೂ ಒಂದು ಗಂಟೆ ಮುಂಚೆ ಎದ್ದೆ. ಮೇಣದಬತ್ತಿ ಹಚ್ಚಿ ಮಂಡಿಯೂರಿದೆ. ಕಣ್ಣು ಮುಚ್ಚಿದ್ದೇ ತಡ, ನಿದ್ದೆ ಬಂದು ಹಣೆ ಗೋಡೆಗೆ ಬಡಿಯಿತು. ಮಾರನೆಯ ದಿನ ಮುಖಕ್ಕೆ ತಣ್ಣೀರು ಎರಚಿಕೊಂಡು ಕೂತೆ. ಮನಸ್ಸು ಇನ್ನೇನು ತಿಳಿಯಾಗಬೇಕು, ಅಷ್ಟರಲ್ಲಿ ಹಿಂದಿನಿಂದ 'ಟವಲ್ ಎಲ್ಲಿ?' ಅಂತ ಗಂಡನ ದನಿ. ಟವಲ್ಲು ಪ್ರತಿದಿನ ಇರುವ ಮೊಳೆಯಲ್ಲೇ ಇತ್ತು. ಆಮೇಲೆ ಅತ್ತೆಯ ಕಾಲಿಗೆ ಬಿಸಿನೀರು, ದೊಡ್ಡವಳ ಜಡೆ, ಚಿಕ್ಕವಳ ಸಾಕ್ಸು. ದೇವರಿಗೆ ಎತ್ತಿಟ್ಟ ಒಂದು ಗಂಟೆಯನ್ನು ಮನೆಯವರೆಲ್ಲ ಉಪ್ಪಿನಕಾಯಿಯ ಹಾಗೆ ಚೂರುಚೂರು ಬಡಿಸಿಕೊಂಡರು. ಇದನ್ನೆಲ್ಲ ಟೀಚರಮ್ಮನಿಗೆ ಹೇಳಿದರೆ, 'ಮನಸ್ಸಿದ್ದರೆ ಮಾರ್ಗ' ಎಂದರು. ನನ್ನ ಗಂಡ ಇಡೀ ತಪಸ್ಸುಕಾಲದಲ್ಲಿ ಒಂದೇ ಒಂದು ಸಂಜೆ ಕೂಟಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದರೆ, ಅಂಗಡಿ ಕೆಲಸದ ನಡುವೆಯೂ ಬಂದರು ನೋಡಿ ಅಂತ ಎಲ್ಲರ ಮುಂದೆ ಹೊಗಳಿದರು. ಅವತ್ತು ಅವರ ಅಂಗಿ ಇಸ್ತ್ರಿ ಮಾಡಿ ಕಳಿಸಿದವಳು ನಾನು.

ಇಷ್ಟು ಹೇಳಿದರೆ ಮುಂದಿನದು ಅರ್ಥವಾಗುತ್ತದೆ. ಮೊನ್ನೆಯ ಅಕ್ಟೋಬರ್, ಒಂದು ಭಾನುವಾರ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಜಪಸರ. ಭಾನುವಾರವೂ ನನಗೆ ಡ್ಯೂಟಿ. ಡಿಪೋದಲ್ಲಿ ಬ್ಯಾಗು ಒಪ್ಪಿಸಿ, ಖಾಕಿ ಬದಲಿಸದೆ ನೇರವಾಗಿ ಅಲ್ಲಿಗೆ ಹೋದೆ. ಒಳಗೆ ಜಾಗವಿರಲಿಲ್ಲ, ಬಾಗಿಲಿಗೆ ಒರಗಿ ಹೊಸ್ತಿಲ ಹತ್ತಿರವೇ ನಿಂತೆ. ಕೊನೆಯಲ್ಲಿ ಟೀಚರಮ್ಮ ತಡವಾಗಿ ಬಂದ ಮಕ್ಕಳಿಗೆ ಲೆಕ್ಕ ಕೇಳುವ ಹಾಗೆ ನನ್ನ ಕಡೆ ತಿರುಗಿ, "ಮುಕ್ತಾಯದ ಪ್ರಾರ್ಥನೆ ನೀವು ಹೇಳಿ" ಎಂದರು.

ಹೇಳಿದೆ. ಹಾಸಿಗೆ ಹಿಡಿದವರಿಗಾಗಿ ಬೇಡಿದೆ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಬೇಡಿದೆ, ದೂರದ ಊರಿಗೆ ದುಡಿಯಲು ಹೋದವರಿಗಾಗಿ ಬೇಡಿದೆ. ಚೆನ್ನಾಗಿಯೇ ಬರುತ್ತಿತ್ತು. ಎಲ್ಲರನ್ನೂ ಹತ್ತಿಸಿಕೊಂಡಾಯಿತು ಅನ್ನಿಸಿದ ಗಳಿಗೆಯಲ್ಲಿ, ಆಮೆನ್ ಅನ್ನಬೇಕಾದ ಬಾಯಿ "ರೈಟ್, ರೈಟ್!" ಎಂದುಬಿಟ್ಟಿತು. ಬಾಯಿ ಅಷ್ಟಕ್ಕೆ ಬಿಟ್ಟಿದ್ದರೂ ಹೋಗಲಿ, ಕೈ ಬೇರೆ ಬಾಗಿಲಿಗೆ ದಬದಬ ಎರಡೇಟು ಬಡಿಯಿತು.

ಕಂಡಕ್ಟರುಗಳಿಗೆ ಇದು ಉಸಿರಾಟ. ಬಸ್ಸು ನಿಲ್ಲಬೇಕಾದರೆ ಹೋಲ್ಡಾನ್, ಹೊರಡಬೇಕಾದರೆ ರೈಟ್, ಜೊತೆಗೆ ಬಾಗಿಲಿಗೆ ಎರಡೇಟು. ದಿನಕ್ಕೆ ಎಷ್ಟು ಸಲ ಬಡಿಯುತ್ತೇನೋ ನನಗೇ ಗೊತ್ತಿಲ್ಲ. ಮಂಡಿಯೂರಿದ್ದ ಹೆಂಗಸರೆಲ್ಲ ಬೆಚ್ಚಿ ತಲೆ ಎತ್ತಿದರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೂ ನಗು ಬಂತು. ಮಾತೆಯೂ ನಕ್ಕಿರಬೇಕು ಅಂತ ನನ್ನ ನಂಬಿಕೆ. ನಗದೆ ಇದ್ದವರು ಟೀಚರಮ್ಮ ಒಬ್ಬರೇ.

ಉಸಲಿ ಹಂಚುವಾಗ ನನ್ನನ್ನು ಪಕ್ಕಕ್ಕೆ ಕರೆದರು.

"ಇದು ಬಾಯಿ ತಪ್ಪಿ ಬಂದದ್ದಲ್ಲಮ್ಮ. ಒಳಗೆ ಏನು ತುಂಬಿರುತ್ತೋ ಅದೇ ಹೊರಗೆ ಬರೋದು. ನಿಮ್ಮೊಳಗೆ ಈಗ ಬರೀ ಬಸ್ಸಿದೆ."

ನನ್ನ ಕೈಗೆ ಉಸಲಿಯ ತಟ್ಟೆ ಕೊಟ್ಟು ಮುಂದುವರಿಸಿದರು.

"ಗುರುವಾರ ನಿಮ್ಮ ಮನೆ ಸರದಿ ಅಲ್ವಾ? ಈ ವರ್ಷ ಬಿಟ್ಟುಬಿಡೋಣ. ನೀವು ಬರೋದು ಯಾವಾಗಲೋ, ಮನೆ ಒಪ್ಪ ಮಾಡೋದು ಯಾವಾಗಲೋ. ಬುಧವಾರ ಮಧುವನಹಳ್ಳಿ ಮನೇಲಿ ಇರ್ತಾಳಲ್ಲ ಮಾತೆ, ಗುರುವಾರ ಸಂಜೆ ಆಟೋ ಮಾಡ್ಕೊಂಡು ನಾನೇ ಹೋಗಿ ಕರ್ಕೊಂಡು ಬಂದು ನಮ್ಮನೇಲಿ ಇಟ್ಕೋತೀನಿ. ನಿಮಗೆ ಸ್ವಲ್ಪ ಪುರುಸೊತ್ತಾಗಲಿ, ಮುಂದಿನ ವರ್ಷ ನೋಡೋಣ."

ಬಸ್ಸು ತುಂಬ ಜನರ ಬಾಯಿಗೆ ಉತ್ತರ ಕೊಡುವವಳಿಗೆ ಅಲ್ಲಿ ಒಂದು ಮಾತು ಹೊರಡಲಿಲ್ಲ. ಕೈಯಲ್ಲಿದ್ದ ಉಸಲಿಯನ್ನು ಹಾಗೇ ಯಾರದೋ ತಟ್ಟೆಗೆ ಸುರಿದು ಮನೆಗೆ ಬಂದೆ. ಗಂಡನಿಗೆ ಹೇಳಿದರೆ, "ಹೋಗ್ಲಿ ಬಿಡು, ದೊಡ್ಡವರು ಏನೋ ಅಂದ್ರು" ಎಂದು ಟಿವಿಯ ಕಡೆ ತಿರುಗಿದರು. ಹೋಗಲಿ ಬಿಡು! ಹೋಗುವುದು ಯಾರದು, ಬಿಡಬೇಕಾದವರು ಯಾರು? ಒಳಗಿನ ಕೋಣೆಯಿಂದ ಅತ್ತೆ ಕೂಗಿ ಕೇಳಿದರು, "ಮಾದಾ ಗುರುವಾರಕ್ಕೆ ತಾನೆ ನಮ್ಮನೆಗೆ ಬರದು? ಉಸ್ಲಿಗೆ ಕಾಳು ನೆನ್ಸಾಕ್ಕೆ ಮರೀಬ್ಯಾಡ ಕಣ್ಣು."

"ಹೂಂ ಅತ್ತೆ," ಅಂದೆ. ಇನ್ನೇನು ಅನ್ನಲಿ?

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಟೀಚರಮ್ಮ ಆಡಿದ ಮಾತಿಗಿಂತ, ಆ ಮಾತು ನಿಜವಿರಬಹುದು ಅನ್ನುವ ಭಯ ಹೆಚ್ಚು ಸುಡುತ್ತಿತ್ತು. ನಾನು ನಿಜವಾಗಿ ಪ್ರಾರ್ಥನೆ ಮಾಡಿ ಎಷ್ಟು ಕಾಲವಾಯಿತು? ಕಣ್ಣು ಮುಚ್ಚಿ, ಮನಸ್ಸು ನಿಲ್ಲಿಸಿ, ಮೆಲ್ಲಗೆ? ಹುಡುಕಿದೆ, ಒಂದೂ ಸಿಗಲಿಲ್ಲ. ಚಿಕ್ಕಂದಿನಲ್ಲಿ ದೇವರು ನನ್ನ ಪಕ್ಕದಲ್ಲೇ ಕೂತಿದ್ದಾನೆ ಅನ್ನಿಸುತ್ತಿತ್ತು. ಈಗ ಆತ ಯಾವುದೋ ಸ್ಟಾಪಿನಲ್ಲಿ ನಿಂತು ಕೈ ಅಡ್ಡ ಹಿಡಿಯುತ್ತಿದ್ದು, ನಾನು ಜಾಗವಿಲ್ಲ ಅಂತ ಮುಂದೆ ಹೋಗಿಬಿಟ್ಟಿದ್ದರೆ?

ಆ ಸಂಕಟವೂ ಕೋಪವಾಗಿಯೇ ಹೊರಗೆ ಬಂತು, ನನ್ನದೆಲ್ಲ ಹಾಗೇ ಬರುವುದು. ಮಧುವನಹಳ್ಳಿ ದಾಟುವಷ್ಟರಲ್ಲಿ ಟಿಕೆಟ್ ಹರಿಯುತ್ತಾ ಹರಿಯುತ್ತಾ ಮನಸ್ಸಿನಲ್ಲೇ ದೇವರನ್ನು ತರಾಟೆಗೆ ತೆಗೆದುಕೊಂಡೆ. ನಿನಗೆ ಮೆಲ್ಲಗೆ ಮಾತಾಡುವವರೇ ಬೇಕಿದ್ದರೆ ನನಗೆ ಈ ಗಂಟಲು ಯಾಕೆ ಕೊಟ್ಟೆ? ನಿಂತ ನೀರಿನಂಥ ಮನಸ್ಸೇ ಬೇಕಿದ್ದರೆ ನನ್ನನ್ನು ಈ ಬಸ್ಸಿಗೆ ಯಾಕೆ ಹತ್ತಿಸಿದೆ? ಆ ಮುದುಕಿ ವರ್ಷವಿಡೀ ಕಾದಿದ್ದಾಳೆ, ಅವಳು ನಿನಗೇನು ಮಾಡಿದ್ದಳು?

ಕಾಮಗೆರೆಯಲ್ಲಿ ಆಸ್ಪತ್ರೆಗೆ ಹೋಗುವವರು ಇಳಿಯುತ್ತಾರೆ. ಅವತ್ತು ಒಬ್ಬ ಹೆಂಡತಿಯನ್ನು ತಬ್ಬಿ ಹಿಡಿದು ಇಳಿಸುತ್ತಿದ್ದ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ, ಚಪ್ಪಲಿ ಒಂದು ಬಸ್ಸಿನಲ್ಲೇ ಬಿದ್ದಿತ್ತು. ಚಪ್ಪಲಿ ಎತ್ತಿ ಕೊಟ್ಟೆ. ಬಾಗಿಲು ಬಡಿದು ರೈಟ್ ಅಂದ ಮೇಲೆ ಬೈಗುಳ ಅಲ್ಲಿಂದಲೇ ಮುಂದುವರಿಯಿತು: ನೋಡಿದೆ ತಾನೆ ಅವಳನ್ನು? ಇಳಿಸಿದ್ದೇನೆ, ಇನ್ನು ಮುಂದೆ ನಿನ್ನ ಜವಾಬ್ದಾರಿ.

ಹಾಗೆ ಅಂದ ಮೇಲೆ ನನಗೆ ಹೊಳೆಯಿತು, ಈ ಮಾತು ಅವತ್ತಿನದಲ್ಲ. ಈ ರೂಟಿಗೆ ಬಂದಾಗಿನಿಂದ ಕಾಮಗೆರೆಯಲ್ಲಿ ಇಳಿದವರನ್ನೆಲ್ಲ ಹೀಗೇ ಬೈದುಕೊಂಡೇ ದೇವರಿಗೆ ಒಪ್ಪಿಸುತ್ತಾ ಬಂದಿದ್ದೇನೆ. ಮಗುವಿಗೆ ಜ್ವರ ಅಂತ ಅಳುತ್ತಾ ಬಂದವಳನ್ನು, ಒಬ್ಬಂಟಿಯಾಗಿ ಹೆರಿಗೆಗೆ ಹೊರಟವಳನ್ನು. ಕಣ್ಣು ಮುಚ್ಚಿರಲಿಲ್ಲ, ಕೈ ಮುಗಿದಿರಲಿಲ್ಲ, ಕೈಯಲ್ಲಿ ಮೆಷಿನ್ ಇತ್ತು. ಅದನ್ನು ಪ್ರಾರ್ಥನೆ ಅಂತ ನಾನೇ ಎಣಿಸಿರಲಿಲ್ಲ. ಎಣಿಸಬಹುದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಿಟ್ಟು ಇನ್ನೂ ಹೆಚ್ಚಾಯಿತು. ಇಷ್ಟು ವರ್ಷ ನನ್ನದೇ ಮನೆಯಲ್ಲಿ ಕೂತು ಉಂಡು ಹೋಗುತ್ತಿದ್ದವನನ್ನು, ಬರಲೇ ಇಲ್ಲ ಅಂತ ಬೀದಿಯಲ್ಲಿ ಹುಡುಕುವ ಹಾಗೆ ಮಾಡಿದ್ದರು ನನ್ನನ್ನು.

ಮಂಗಳವಾರ ಯಳಂದೂರಿನ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಡ್ರೈವರಣ್ಣ ಕೇಳಿದ. ಹಿರಿಯ ಮನುಷ್ಯ, ಮಾದಪ್ಪನ ಒಕ್ಕಲು. ಬೆಳಿಗ್ಗೆ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು 'ಉಘೇ ಮಾದಪ್ಪ' ಎಂದರೆ ಅವನ ಪೂಜೆ ಮುಗಿಯಿತು. ನಿನ್ನ ಪ್ರಾರ್ಥನೆ ಗಿಡ್ಡವಾಯಿತು ಅಂತ ಅವನಿಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

"ಯಾಕವ್ವ, ಎರಡು ದಿನದಿಂದ ಮೊಕ ಗಂಟಾಕ್ಕಂಡಿದ್ದೀಯೆ? ಬಾಗ್ಲು ಮುರ್ದೋಯ್ತದೆ, ಅಂಗೆ ಬಡೀತಿದ್ದೀಯೆ."

ಎಲ್ಲವನ್ನೂ ಹೇಳಿದೆ. 'ರೈಟ್' ಅಂದದ್ದಕ್ಕೆ ಅವನು ಟೀ ಉಗುಳುವಷ್ಟು ನಕ್ಕ. ಸರದಿ ತಪ್ಪಿಸಿದ್ದು ಕೇಳಿ ನಗು ನಿಲ್ಲಿಸಿದ.

"ಅಲ್ಲಾ, ಆವಮ್ಮ ಆಟೋ ಮಾಡ್ಕಂಡು ಯಾಕ್ ಓಯ್ತದೆ? ಮದುವ್ನಳ್ಳಿ ನಮ್ ರೂಟ್ನಾಗೇ ಅದಲ್ಲ. ನಿಮ್ ದೇವ್ರೂ ಎಂಗ್ಸೇ ತಾನೆ? ಫ್ರೀ ಕಣವ್ವ! ಆಧಾರ್ ಒಂದ್ ಕೇಳ್ಬ್ಯಾಡ, ನಮ್ ಬಸ್ನಾಗೇ ಕರ್ಕಂಡ್ ಬಾ."

ಅವನು ಆಡಿದ್ದು ತಮಾಷೆಗೆ. ನನಗೆ ಅದು ತಮಾಷೆಯಾಗಿ ಕೇಳಲಿಲ್ಲ. ಸರದಿ ನಮ್ಮದು. ಸರದಿಯವರು ಹೋಗಿ ಕರೆತರುವುದು ರೂಢಿ. ಯಾರ ಅಪ್ಪಣೆಗಾಗಿ ನಾನು ಕಾಯುತ್ತಿದ್ದೆ?

ಗುರುವಾರ ಬೆಳಗಿನ ಟ್ರಿಪ್ಪಿನಲ್ಲಿ ಮಧುವನಹಳ್ಳಿ ಬಂದಾಗ ಆ ಮನೆಯ ಹೆಂಗಸು ರಸ್ತೆ ಬದಿಯಲ್ಲೇ ಹಾಲಿನ ಕ್ಯಾನು ಹಿಡಿದು ನಿಂತಿದ್ದಳು. ಸಂಜೆ ಬಸ್ಸಿಗೆ ಮಾತೆಯನ್ನು ಕರೆದೊಯ್ಯುತ್ತೇನೆ, ಇಲ್ಲೇ ನಿಂತಿರು ಎಂದೆ.

"ಟೀಚರಮ್ಮ ಬತ್ತೀನಿ ಅಂದಿದ್ರಲ್ಲಕ್ಕ?"

"ಸರದಿ ಯಾರದು?"

"ನಿಮ್ದು."

"ಮತ್ತೆ?"

"ಸರಿ ಬುಡಕ್ಕ, ತಕಂಡ್ ಬಂದು ನಿಂತಿರ್ತೀನಿ," ಎಂದಳು.

ಸಂಜೆ ಹನೂರಿನಿಂದ ಹೊರಟಾಗ ಬಸ್ಸು ಬೆಟ್ಟದಿಂದ ವಾಪಸಾಗುವವರಿಂದ ತುಂಬಿ ತುಳುಕುತ್ತಿತ್ತು. ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದ ಹೆಂಗಸರು, ಹಣೆ ತುಂಬ ವಿಭೂತಿ, ಕೈಯಲ್ಲಿ ಲಾಡಿನ ಚೀಲ. ಮಧುವನಹಳ್ಳಿಯಲ್ಲಿ ಹೋಲ್ಡಾನ್ ಎಂದೆ. ಬೆಳಿಗ್ಗೆ ಮಾತಾಡಿದ್ದವಳು ಟವಲ್ಲಿನಲ್ಲಿ ಸುತ್ತಿದ ಗೂಡನ್ನು ಎತ್ತಿ ಕೊಟ್ಟಳು. ತೆಗೆದುಕೊಂಡೆ, ಸರಿ, ಇಡುವುದೆಲ್ಲಿ? ಒಂದು ಕೈಯಲ್ಲಿ ಮೆಷಿನ್, ಇನ್ನೊಂದರಲ್ಲಿ ಮಾತೆ, ಕಾಲ ಕೆಳಗೆ ಯಾರದೋ ಮೂಟೆ. ನನ್ನ ಸೀಟಿನಲ್ಲಿ ಕೂತಿದ್ದ ಧನಗೆರೆಯ ಅಜ್ಜಿಯೊಬ್ಬಳು ಕೈ ಚಾಚಿದಳು.

"ತತ್ತಾ ಇಲ್ಲಿ, ನನ್ ತೊಡೆ ಮ್ಯಾಲೆ ಮಡ್ಗು. ಯಾವ್ ದೇವ್ರವ್ವ ಇದು?"

ಆತುರದಲ್ಲಿ ಅತ್ತೆಯ ಮಾತೇ ನನ್ನ ಬಾಯಿಗೆ ಬಂತು. "ಮಾದಾ ಕಣಜ್ಜಿ."

"ಮಾದಪ್ಪನಾ?" ಅಜ್ಜಿ ಟವಲ್ಲಿನ ತುದಿ ಎತ್ತಿ ನೋಡಿದಳು. "ಇದೇನವ್ವ, ಎಂಗ್ಸಾಗವ್ನೆ!"

ಹಿಂದೆ ನಿಂತಿದ್ದವರಿಗೆ ಕೇಳಿಸಿದ್ದು ಮಾದಪ್ಪ ಅನ್ನುವುದೊಂದೇ. ಯಾರೋ "ಉಘೇ ಮಾದಪ್ಪಾ!" ಎಂದು ಕೂಗಿದರು. ಬೆಟ್ಟದ ಬಿಸಿ ಇನ್ನೂ ಆರದ ಬಸ್ಸು ಇಡಿಯಾಗಿ "ಉಘೇ, ಉಘೇ!" ಎಂದಿತು. ಡ್ರೈವರಣ್ಣ ಏನಾಯಿತೆಂದು ತಿಳಿಯದೆ ಒಂದು ಹಾರನ್ನು ಕೊಟ್ಟ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಅಲ್ಲ ಕಣ್ರವ್ವ, ಇವಳು ಏಸುವಿನ ತಾಯಿ," ಎಂದು ಕೂಗಿ ಹೇಳಿದೆ.

"ತಾಯಿ ಅಂದ್ಮ್ಯಾಲೆ ಮುಗೀತಲ್ಲ, ಬುಡು," ಎಂದಳು ಅಜ್ಜಿ. ತನ್ನ ತುರುಬಿನ ಕನಕಾಂಬರದಲ್ಲಿ ಅರ್ಧ ಕಿತ್ತು ಗೂಡಿನೊಳಗೆ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಖಾಕಿ ಹಿಡಿದು ಜಗ್ಗಿದಳು. "ನನ್ ಮಗ್ಳು ತುಂಬ್ದ ಬಸ್ರಿ. ಒಸಿ ನೋಡ್ಕಳವ್ವ ಅಂತ ಯೋಳು. ನಂಗೆ ಇವ್ಳ ಬಾಸೆ ಬರಕಿಲ್ಲ."

"ಕನ್ನಡ ಬರುತ್ತಜ್ಜಿ ಅವಳಿಗೆ, ನೀನೇ ಹೇಳು."

ಅವಳು ಗೂಡಿನೊಳಗೆ ಮುಖವಿಟ್ಟು ಏನೋ ಹೇಳಿದಳು. ಅದನ್ನು ನೋಡಿ ಪಕ್ಕದವಳು, ನನ್ನ ಗಂಡ ಕುಡಿಯೋದು ಬಿಡಲಿ ಅಂತ ಹೇಳಿ ಅಂದಳು. ಅವಳ ಹಿಂದಿನವಳಿಗೆ ಮಗನ ಕೆಲಸ. ಹಿಂದಿನ ಸೀಟಿನಿಂದ ಟಿಕೆಟ್ಟಿನ ಕಾಸು ಕೈಯಿಂದ ಕೈಗೆ ದಾಟಿ ಬರುವ ಹಾಗೆ ಒಬ್ಬೊಬ್ಬರ ಕಷ್ಟ ನನ್ನವರೆಗೆ ದಾಟಿ ಬಂತು. ಕೊಳ್ಳೇಗಾಲ ಬರುವವರೆಗೂ ಹೂಂ, ಹೇಳ್ತೀನಿ, ಹೂಂ ಅನ್ನುತ್ತಲೇ ಇದ್ದೆ. ಒಬ್ಬಳೂ ನಿನಗೆ ಪುರುಸೊತ್ತಿದೆಯಾ ಎಂದು ಕೇಳಲಿಲ್ಲ.

ಮನೆಗೆ ಬಂದಾಗ ಅತ್ತೆ ಬಿಳಿ ಸೀರೆ ಉಟ್ಟು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗೂಡನ್ನು ಮೇಜಿನ ಮೇಲೆ ಇಟ್ಟೆ. ಮಕ್ಕಳು ಮೇಣದಬತ್ತಿ ಹಚ್ಚಿದರು. ಬೀದಿಯವರು ಒಬ್ಬೊಬ್ಬರೇ ಬರತೊಡಗಿದರು. ಇನ್ನೇನು ಶಿಲುಬೆ ಗುರುತು ಹಾಕಬೇಕು, ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದಾಯಿತು. ಮಧುವನಹಳ್ಳಿಯವರೆಗೆ ಹೋಗಿ ಬರಿಗೈಲಿ ವಾಪಸಾದ ಟೀಚರಮ್ಮ ಒಳಗೆ ಬಂದರು. ಮುಖ ಕೆಂಪಗಾಗಿತ್ತು.

"ಯಾರನ್ನ ಕೇಳಿ ತಂದ್ರಿ? ಅದೂ ಬಸ್ಸಲ್ಲಿ! ಜನರ ಕಾಲ ಕೆಳಗೆ!"

"ಕಾಲ ಕೆಳಗಲ್ಲ ಟೀಚರಮ್ಮ, ತೊಡೆ ಮೇಲೆ ಕೂತು ಬಂದಳು," ಎಂದೆ. ಭಾನುವಾರ ಹೊರಡದ ಮಾತೆಲ್ಲ ಈಗ ಒಟ್ಟಿಗೇ ಹೊರಟಿತು. "ಒಳಗೆ ಬರೀ ಬಸ್ಸಿದೆ ಅಂದ್ರಲ್ಲ. ಇದೆ. ಆ ಬಸ್ಸಲ್ಲಿ ಯಾರ್ಯಾರಿದ್ದಾರೆ ಅಂತ ಒಂದು ಸಲವಾದ್ರೂ ಕೇಳಿದ್ರಾ? ಕಾಮಗೆರೆಯಲ್ಲಿ ಇಳಿಯೋರು ಇದ್ದಾರೆ. ನಮ್ಮತ್ತೆ ಇದ್ದಾರೆ. ನೀವೂ ಇದ್ದೀರಿ. ನೀವು ಹೋದ ವರ್ಷ ಜ್ವರ ಬಂದು ಮಲಗಿದಾಗ ದಿನಾ ನಿಮ್ಮನ್ನೂ ಹತ್ತಿಸಿಕೊಂಡೇ ಓಡಾಡಿದ್ದೀನಿ. ನಿಂತ ನೀರಿನ ಮನಸ್ಸು ನನ್ನ ಹತ್ರ ಇಲ್ಲ. ಅದಿಲ್ಲದವರ ಮನೆಗೆ ಮಾತೆ ಬರಬಾರದು ಅಂತಿದ್ರೆ, ಅವಳಿಗೇ ಹೇಳಿ, ಎದ್ದು ಹೋಗಲಿ."

ಅತ್ತೆಗೆ ಸರದಿ ತಪ್ಪಿಸಿದ ಸುದ್ದಿ ಗೊತ್ತಾದದ್ದೇ ಆಗ. ಟೀಚರಮ್ಮನ ಕಡೆ ನೋಡಿ ಮೆಲ್ಲಗೆ ಕೇಳಿದರು, "ನಮ್ಮನೆಗೆ ಬ್ಯಾಡ ಅಂದ್ಯಾ ತಾಯಿ?"

ನನ್ನ ಅಷ್ಟುದ್ದದ ಮಾತಿಗೆ ಜಗ್ಗದಿದ್ದ ಟೀಚರಮ್ಮ ಈ ಮಾತಿಗೆ ತಲೆ ತಗ್ಗಿಸಿದರು. ಚಾಪೆಯ ತುದಿಯಲ್ಲಿ ಕೂತು ಜಪಸರ ತೆಗೆದರು.

ನಾನೇ ನಡೆಸಿದೆ, ಖಾಕಿಯಲ್ಲೇ. ಕೋಪ ಇನ್ನೂ ಇಳಿದಿರಲಿಲ್ಲ. ಧನಗೆರೆಯ ಅಜ್ಜಿಯ ಮಗಳನ್ನು, ಕುಡುಕನ ಹೆಂಡತಿಯನ್ನು, ಕೆಲಸ ಸಿಗದ ಹುಡುಗನನ್ನು ಒಬ್ಬೊಬ್ಬರಾಗಿ ನೆನೆದೆ. ನನ್ನ ಕಿವಿಯಲ್ಲಿ ಇನ್ನೂ ಇದ್ದರು ಅವರೆಲ್ಲ, ಒಬ್ಬರನ್ನೂ ಮರೆತಿರಲಿಲ್ಲ.

ನಮ್ಮಲ್ಲಿ ಜಪಸರ ಮುಗಿದ ಮೇಲೆ ಮನೆಯ ಹಿರಿಯರು ಸ್ವರೂಪದ ಪಾದ ಮುಟ್ಟಿ ತಮ್ಮ ಕೋರಿಕೆ ಹೇಳುತ್ತಾರೆ. ಅತ್ತೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಮೇಜಿನವರೆಗಿನ ನಾಲ್ಕು ಹೆಜ್ಜೆಗೆ ಅವರು ಹಲ್ಲು ಕಚ್ಚಿದ್ದು ನನ್ನ ತೋಳಿಗೆ ಗೊತ್ತಾಯಿತು. ಮಾತೆಯ ಕಾಲು ಹಿಡಿದುಕೊಂಡರು. ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು.

"ಮಾದಾವೇ," ಎಂದರು, "ಈ ಪೊಣ್ಣು ಬೆಳಗಿಂದ ನಿಂತೇ ಇರ್ತದೆ. ಅದಕ್ಕೆ ಒಸಿ ಕುಂತ್ಕಳಕ್ಕೆ ಎಡೆ ಕೊಡು ತಾಯೀ. ಅಷ್ಟೇ."

ನನ್ನ ಪಿತ್ತ ನೆತ್ತಿಗೇರಿತು. "ಏನತ್ತೆ ನೀವು! ವರ್ಷವೆಲ್ಲ ಕಾದಿದ್ದು ಇದನ್ನ ಕೇಳೋಕಾ? ನಿಮ್ಮ ಕಾಲು ಕೇಳ್ಕೋಬಾರದಿತ್ತಾ? ನಿಮ್ಮ ಮಂಡಿ?" ಜನರ ನಡುವೆ ಇದ್ದೇನೆ ಅನ್ನುವುದೂ ಮರೆತು ಕೂಗಿದೆ. ಕಣ್ಣಲ್ಲಿ ನೀರು ಯಾವಾಗ ಬಂತೋ ಗೊತ್ತಿಲ್ಲ.

ಅತ್ತೆ ತಿರುಗಿ ಕೂಡ ನೋಡಲಿಲ್ಲ.

"ಅದ ನೀ ಕೇಳು ಕಣ್ಣು. ನಿಂದು ದೊಡ್ ಗಂಟ್ಲು. ನೀ ಕೇಳುದ್ರೆ ಅವ್ಳಿಗೆ ಕೇಳ್ತದೆ."

ಕೇಳಿದೆ. ಟೀಚರಮ್ಮ ಅಲ್ಲೇ ಇದ್ದರು, ಬೀದಿಯವರೆಲ್ಲ ಇದ್ದರು. ತುಂಬಿದ ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೇಳಿಸಬೇಕಾದರೆ ಎಷ್ಟು ಜೋರಾಗಿ ಕೂಗುತ್ತೇನೋ ಅಷ್ಟು ಜೋರಾಗಿ ಕೇಳಿದೆ.